ನೋವು ತಲೆಯದು, ತಕರಾರು ಕುತ್ತಿಗೆಯದು!

"ಅಮ್ಮಂಗೆ ಹೇಳ್ಬೇಡ ಕಣೋ, ತಲೆನೋವು ಬಂದ್ಬಿಡತ್ತೆ..."

ಗಣಿತದಲ್ಲಿ ಕಡಿಮೆ ಅಂಕ ಬಂದ ಉತ್ತರಪತ್ರಿಕೆಯನ್ನು ಬ್ಯಾಗಿನೊಳಗೆ ತುರುಕುತ್ತಾ ಮಗಳು ತನ್ನ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಅಂಕಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು. ನನ್ನ ತಲೆನೋವಿಗೆ ಮನೆಮಂದಿಯೆಲ್ಲ ಹೆದರುವಂತಾಗಿತ್ತು!

ಬೆಳಿಗ್ಗೆ ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಲ್ಯಾಪ್‌ಟಾಪ್ ಮುಂದೆ ಬರೆಯಲು ಕೂತರೆ ಸಾಕು, ಹನ್ನೊಂದು ಗಂಟೆಯ ಹೊತ್ತಿಗೆ ಬಲಗಡೆ ಹಿಂದಲೆಯಲ್ಲಿ ಶುರು. ಅಲ್ಲಿಂದ ಮೆಲ್ಲಗೆ ಮೇಲೇರಿ ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಶುಂಠಿ ತೇಯ್ದು ಹಣೆಗೆ ಹಚ್ಚಿದೆ. ಅಮೃತಾಂಜನ ತಿಕ್ಕಿದೆ. ಅತ್ತೆ ದೃಷ್ಟಿ ತೆಗೆದರು. ಕನ್ನಡಕದ ನಂಬರ್ ಬದಲಾಯಿಸಿದ್ದೂ ಆಯಿತು. ಕೊನೆಗೆ ಉಳಿದದ್ದು ಮಾತ್ರೆ. ಸಾಸಿವೆ ಡಬ್ಬಿಯ ಪಕ್ಕದಲ್ಲೇ ಅದಕ್ಕೂ ಒಂದು ಡಬ್ಬಿ!

ಇಂಗ್ಲೆಂಡಿನಲ್ಲಿರುವ ದೊಡ್ಡಪ್ಪನ ಮಗಳಿಗೆ ಫೋನಿನಲ್ಲಿ ಈ ಗೋಳು ಹೇಳಿಕೊಂಡಾಗ ಅವಳಂದಳು, "ನಂಗೂ ಹಿಂಗೇ ಇತ್ತು ಕಣೇ. ಇಲ್ಲಿ ಆಸ್ಟಿಯೋಪಾತ್ ಅಂತ ಇರ್ತಾರೆ. ಕೈಯಲ್ಲೇ ಕುತ್ತಿಗೆ, ಭುಜ, ಬೆನ್ನು ಒತ್ತಿ ಸಡಿಲ ಮಾಡ್ತಾರೆ. ತಲೆ ಮುಟ್ಟೋದೇ ಕಮ್ಮಿ!"

ತಲೆನೋವಿಗೆ ಕುತ್ತಿಗೆಗೆ ಚಿಕಿತ್ಸೆಯೇ? 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆ ನೆನಪಾಗಿ ನಕ್ಕುಬಿಟ್ಟೆ. ಇಷ್ಟು ದಿನ ಎಮ್ಮೆಗೆ ಬರೆ ಹಾಕುತ್ತಿದ್ದವಳು ನಾನೇ ಎಂದು ಗೊತ್ತಾಗಿದ್ದು ಆಮೇಲೆ!

ಹಗ್ಗದ ಮೇಲೆ ತಲೆಯಿಟ್ಟ ಹುಡುಗ

ಆಸ್ಟಿಯೋಪತಿ ಹುಟ್ಟಿದ್ದು ಅಮೆರಿಕದಲ್ಲಿ. ಇದನ್ನು ಆರಂಭಿಸಿದವರು ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು. ಅವರು ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಒಂದು ದಿನ ವಿಪರೀತ ತಲೆನೋವಂತೆ. ಎರಡು ಮರಗಳ ನಡುವೆ ನೆಲದಿಂದ ಗೇಣುದ್ದ ಮೇಲೆ ಹಗ್ಗ ಕಟ್ಟಿ, ಅದರ ಮೇಲೆ ಕಂಬಳಿ ಹಾಕಿ, ಕುತ್ತಿಗೆಯನ್ನು ಆನಿಸಿ ಮಲಗಿದರಂತೆ. ನಿದ್ದೆ ಬಂದು ಎದ್ದಾಗ ನೋವು ಮಾಯ! ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1874ರಲ್ಲಿ ತಮ್ಮ ಪದ್ಧತಿಯನ್ನು ಘೋಷಿಸಿದ ಅವರು 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಮೊದಲ ಶಾಲೆ ತೆರೆದರು.

ಇಂದು ಅಮೆರಿಕದಲ್ಲಿ ಈ ಶಾಖೆಯಲ್ಲಿ ಓದಿದವರು ಔಷಧಿ ಬರೆಯುವ, ಆಪರೇಷನ್ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಹಾಗಲ್ಲ, ಅಲ್ಲಿ ಇವರದು ಕೈಚಿಕಿತ್ಸೆ ಮಾತ್ರ. ಆದರೂ 1993ರ ಕಾನೂನಿನಂತೆ ನೋಂದಣಿ ಆಗದೆ ಯಾರೂ ಆಸ್ಟಿಯೋಪಾತ್ ಎಂದು ಬೋರ್ಡ್ ಹಾಕುವಂತಿಲ್ಲ. ನಮ್ಮ ಊರುಗಳಲ್ಲಿ ಇವರು ಸಿಗುವುದು ಅಪರೂಪ. ಇಲ್ಲಿ ಇಂಥ ಕೈಚಿಕಿತ್ಸೆಯನ್ನು ಹೆಚ್ಚಾಗಿ ಮಾಡುವವರು ಫಿಸಿಯೋಥೆರಪಿಸ್ಟ್‌ಗಳು.

ಒಂದೇ ಬೋರ್ಡಿಗೆ ಎರಡು ಮನೆ ವೈರು

ಕುತ್ತಿಗೆ ಕೆಟ್ಟರೆ ಕಣ್ಣಿನ ಹಿಂದೆ ಯಾಕೆ ನೋವು? ಕಾರಣ ಸರಳ. ಕುತ್ತಿಗೆಯ ಮೇಲ್ಭಾಗದಿಂದ ಹೊರಡುವ ಮೂರು ಜೊತೆ ನರಗಳು ಮತ್ತು ಹಣೆ, ಕಣ್ಣು, ಮುಖದಿಂದ ಬರುವ ನರ, ಇವೆಲ್ಲದರ ಸಂದೇಶ ಮಿದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ತಲುಪುತ್ತದೆ. ಎರಡು ಮನೆಯ ವೈರನ್ನು ಒಂದೇ ಬೋರ್ಡಿಗೆ ಸೇರಿಸಿದ ಹಾಗೆ! ಬೆಲ್ ಒತ್ತಿದ್ದು ಕುತ್ತಿಗೆ, ಬಾಗಿಲು ತೆಗೆಯುವುದು ಕಣ್ಣು.

ಇಂಥ ನೋವಿಗೆ ಕೆಲವು ಗುರುತುಗಳಿವೆ. ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಹಿಂದಲೆಯಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಕತ್ತು ತಿರುಗಿಸಿದರೆ, ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಜಾಸ್ತಿಯಾಗುತ್ತದೆ. ಒಂದು ಪಕ್ಕಕ್ಕೆ ಕತ್ತು ಪೂರ್ತಿ ತಿರುಗುವುದೇ ಇಲ್ಲ.

ಹಾಗಂತ ಎಲ್ಲ ತಲೆನೋವೂ ಕುತ್ತಿಗೆಯದಲ್ಲ. ತಲೆ 'ಧಿಮ್ ಧಿಮ್' ಎಂದು ಬಡಿದುಕೊಂಡು, ವಾಕರಿಕೆ ಬಂದು, ಬೆಳಕು, ಸದ್ದು ಬೇಡವೆನಿಸಿದರೆ ಅದು ಮೈಗ್ರೇನ್ ಇರಬಹುದು. ತಮಾಷೆಯೆಂದರೆ ಮೈಗ್ರೇನ್ ಇದ್ದವರಿಗೂ ಕುತ್ತಿಗೆ ನೋಯುತ್ತದೆ! ಆದ್ದರಿಂದ ಯಾವುದು ಯಾವುದೆಂದು ವೈದ್ಯರೇ ನೋಡಿ ಹೇಳಬೇಕು. ನಮ್ಮ ರಾಜ್ಯದಲ್ಲೇ ಬೆಂಗಳೂರು ಮತ್ತು ಸುತ್ತಮುತ್ತ 2,329 ಜನರನ್ನು ಮಾತನಾಡಿಸಿ ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ ಶೇ. 63.9ರಷ್ಟು ಜನರಿಗೆ ತಲೆನೋವು ಬಂದಿತ್ತು. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್, ಅದರಲ್ಲೂ ಹೆಂಗಸರೇ ಹೆಚ್ಚು!

ಡಾಕ್ಟರ್ ಕೇಳಿದ ಒಂದು ಪ್ರಶ್ನೆ

ಅಕ್ಕನ ಮಾತು ಕೇಳಿ ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದೆ. ಬಿಪಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಕತ್ತು ತಿರುಗಿಸಿ ನೋಡಿದರು. ಆಮೇಲೆ, "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀಯಮ್ಮಾ?" ಅಂದರು.

"ಜಾಸ್ತಿ ಏನಿಲ್ಲ ಡಾಕ್ಟ್ರೇ, ನೋವು ಬಂದಾಗ ಮಾತ್ರ..."

"ಲೆಕ್ಕ ಬರೆದುಕೊಂಡು ಬಾ."

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕತೊಡಗಿದೆ. ನೋವು ಬಂದ ದಿನ 'ತ', ಮಾತ್ರೆ ನುಂಗಿದ ದಿನ 'ಮಾ'. ತಿಂಗಳ ಕೊನೆಗೆ ಎಣಿಸಿದರೆ ಎದೆ ಧಸಕ್ಕೆಂದಿತು. ಹತ್ತೊಂಬತ್ತು 'ಮಾ'!

ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಎರಡು ಮೂರು ಔಷಧಿ ಸೇರಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದಂತೆ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನಗಿದ್ದದ್ದು ಎರಡೂ. ಬೇರು ಕುತ್ತಿಗೆಯಲ್ಲಿ, ನೀರು ಹಾಕಿದ್ದು ಮಾತ್ರೆ. ಡಾಕ್ಟರ್ ಹೇಳಿದಂತೆ ಮಾತ್ರೆ ಕಡಿಮೆ ಮಾಡಿದ ಮೊದಲ ಎರಡು ವಾರ ನೋವು ಇನ್ನೂ ಹೆಚ್ಚಾಯಿತು. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ಹಲ್ಲು ಕಚ್ಚಿ ತಡೆದುಕೊಂಡೆ.

ಕೈಗುಣ, ಜೊತೆಗೆ ಕಸರತ್ತು

ಅವರೇ ಬರೆದುಕೊಟ್ಟ ಚೀಟಿ ಹಿಡಿದು ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಆ ಹುಡುಗಿ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದಳು. ಎಲ್ಲಿ ಕೂತು ಬರೀತೀರಿ, ಎಷ್ಟು ದಿಂಬು ಹಾಕ್ತೀರಿ... ಆಮೇಲೆ ಅಂಗಾತ ಮಲಗಿಸಿ, ತಲೆಬುರುಡೆಯ ಬುಡದಲ್ಲಿ ಬೆರಳಿಟ್ಟು ಹದವಾಗಿ ಒತ್ತಿ ಹಿಡಿದಳು. ಕಣ್ಣಿನ ಹಿಂದಿನ ನೋವು ಥಟ್ಟನೆ ಅಲ್ಲಿ ಕಾಣಿಸಿಕೊಂಡಿತು. "ಇಲ್ಲೇ ಇದೆ ನೋಡಿ ಮೇಡಂ ನಿಮ್ಮ ತಲೆನೋವು" ಅಂದಳು!

ಕೈಚಿಕಿತ್ಸೆ ಅರ್ಧ, ಮನೆಯಲ್ಲಿ ಮಾಡುವ ವ್ಯಾಯಾಮ ಇನ್ನರ್ಧ. ಆಸ್ಟ್ರೇಲಿಯಾದಲ್ಲಿ ಕುತ್ತಿಗೆಯಿಂದ ಬರುವ ತಲೆನೋವಿದ್ದ 200 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರಗಳ ಕೈಚಿಕಿತ್ಸೆಯಿಂದಲೂ ನೋವು ಕಡಿಮೆಯಾಯಿತು, ವ್ಯಾಯಾಮದಿಂದಲೂ ಕಡಿಮೆಯಾಯಿತು. ಒಂದು ವರ್ಷದ ನಂತರವೂ ಗುಣ ಉಳಿದಿತ್ತು. ಮೈಗ್ರೇನ್‌ಗೆ ಕೈಚಿಕಿತ್ಸೆಯ ಪುರಾವೆ ಇಷ್ಟು ಗಟ್ಟಿಯಿಲ್ಲ. ಅದಕ್ಕೆ ವೈದ್ಯರ ಔಷಧಿಯೇ ಮುಖ್ಯ.

ನನಗೆ ಹೇಳಿಕೊಟ್ಟ ವ್ಯಾಯಾಮ ಬಲು ಸುಲಭ. ನೆಟ್ಟಗೆ ಕೂತು, ಮುಂದೆ ನೋಡುತ್ತಾ, ತಲೆ ಬಗ್ಗಿಸದೆ ಗದ್ದವನ್ನು ನಿಧಾನವಾಗಿ ಹಿಂದಕ್ಕೆ ಸರಿಸುವುದು. ಐದು ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯುತ್ತದೆ! ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕಣ್ಣಿನ ಮಟ್ಟಕ್ಕೆ ತಂದೆ, ಬೇರೆ ಕೀಬೋರ್ಡ್ ಹಾಕಿದೆ. ಮೊಬೈಲನ್ನು ತೊಡೆಯ ಮೇಲಿಟ್ಟು ನೋಡುವುದು ಬಿಟ್ಟೆ.

'ಲಟಕ್' ಅನ್ನಿಸಬೇಡಿ!

ನನ್ನ ತಮ್ಮ ಮಾತ್ರ, "ಇಷ್ಟಕ್ಕೆಲ್ಲ ಯಾಕಕ್ಕಾ ದುಡ್ಡು? ಸಲೂನಲ್ಲಿ ಕಟಿಂಗ್ ಆದ್ಮೇಲೆ ಲಟಕ್ ಅಂತ ಕತ್ತು ತಿರುಗಿಸ್ತಾರೆ, ಹಾಯಾಗತ್ತೆ" ಅಂದ. ಆಗಲೇ ಅವನಿಗೆ ಗದರಿದೆ. ಕುತ್ತಿಗೆಯೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ರಭಸವಾಗಿ ತಿರುಚಿದರೆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಹೀಗೆ ಕತ್ತು ತಿರುಗಿಸಿಕೊಂಡ ಮೇಲೆ ಪಾರ್ಶ್ವವಾಯು ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಯಾರ ಹತ್ತಿರವೇ ಹೋಗಿ, ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಕತ್ತು 'ಲಟಕ್' ಅನ್ನಿಸಬೇಡಿ ಎಂದು ಮೊದಲೇ ಹೇಳುವ ಹಕ್ಕು ನಿಮಗಿದೆ.

ಇವಿದ್ದರೆ ತಡ ಮಾಡಬೇಡಿ

ಈ ಕೆಳಗಿನವು ಕಂಡರೆ ಒತ್ತುವುದೂ ಬೇಡ, ತಿಕ್ಕುವುದೂ ಬೇಡ. ನೇರ ಆಸ್ಪತ್ರೆಗೆ ಹೋಗಿ.

* ಸಿಡಿಲು ಬಡಿದಂತೆ ಒಮ್ಮೆಲೇ ಬಂದ, ಹಿಂದೆಂದೂ ಕಾಣದ ತಲೆನೋವು
* ಜ್ವರ, ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ
* ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಫಿಟ್ಸ್
* ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು
* ಗರ್ಭಿಣಿಯರಿಗೆ, ಬಾಣಂತಿಯರಿಗೆ ಹೊಸದಾಗಿ ಬಂದ ಜೋರು ತಲೆನೋವು. 'ಬಾಣಂತಿಗೆ ಶೀತ ಆಗಿದೆ' ಎಂದು ಕಿವಿಗೆ ಹತ್ತಿ ಇಟ್ಟು ಸುಮ್ಮನಾಗಬೇಡಿ. ಬಿಪಿ ಏರಿರಬಹುದು, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು.
* ಐವತ್ತು ದಾಟಿದ ಮೇಲೆ ಮೊದಲ ಬಾರಿ ಕಾಣಿಸಿಕೊಂಡ ತಲೆನೋವು. ಇದು ತೀವ್ರವಾಗಿರದಿದ್ದರೂ ಬೇಗ ವೈದ್ಯರಿಗೆ ತೋರಿಸಿ.

ಮೂರು ತಿಂಗಳಾಯಿತು. ನನ್ನ ತಲೆನೋವು ಪೂರ್ತಿ ಹೋಗಿದೆಯೇ ಎಂದರೆ, ಇಲ್ಲ. ಕಳೆದ ತಿಂಗಳ ಕ್ಯಾಲೆಂಡರಿನಲ್ಲಿ ಐದು 'ತ' ಇವೆ, 'ಮಾ' ಎರಡೇ. ಮೊನ್ನೆ ಮಗಳು ಇನ್ನೊಂದು ಉತ್ತರಪತ್ರಿಕೆ ತಂದಳು. ಈ ಸಲವೂ ಅಂಕ ಅಷ್ಟಕ್ಕಷ್ಟೇ. ಆದರೆ ನೇರವಾಗಿ ನನ್ನ ಕೈಗೇ ಕೊಟ್ಟಳು!

ಹಾಗಾಗಿ ಗೆಳತಿಯರೇ, ಮುಂದಿನ ಸಲ ತಲೆ ಸಿಡಿಯತೊಡಗಿದಾಗ ಮಾತ್ರೆ ಡಬ್ಬಿಗೆ ಕೈ ಹಾಕುವ ಮೊದಲು ಕ್ಯಾಲೆಂಡರಿನತ್ತ ಒಮ್ಮೆ ನೋಡಿ. ಈ ತಿಂಗಳು ಎಷ್ಟನೇ 'ಮಾ' ಇದು?