ಐವತ್ತು ಜೊತೆ ಬೂಟು

ಕಂಪನಿಯೊಂದು ಸಮಾಜಸೇವೆಗೆ ನೆರವು ಕೊಟ್ಟಿತು ಅಂದರೆ ನಮಗೆ ನೆನಪಾಗುವುದು ಆಳೆತ್ತರದ ನಕಲಿ ಚೆಕ್ಕು, ಶಾಲು, ಹಾರ, ಗ್ರೂಪ್ ಫೋಟೊ. ಅಮೆರಿಕದಲ್ಲಿ ಇಂಥ ನೆರವಿನ ಅತ್ಯಂತ ಹೆಸರುವಾಸಿ ನಂಟೊಂದು ಶುರುವಾದದ್ದು ಬೂಟು ಕೇಳಿ ಬಂದ ಒಂದು ಕೋರಿಕೆಯಿಂದ.

ಮೈಕೆಲ್ ಬ್ರೌನ್ ಮತ್ತು ಅಲನ್ ಖೇಜಿ ಹಾರ್ವರ್ಡ್‌ನಲ್ಲಿ ಒಂದೇ ಕೋಣೆ ಹಂಚಿಕೊಂಡ ಗೆಳೆಯರು. ಅಲ್ಲಿಯೇ ಕಾನೂನು ಓದಿದರೂ ವಕೀಲಿಕೆಗೆ ಹೋಗದೆ, 1988ರಲ್ಲಿ ಬಾಸ್ಟನ್‌ನಲ್ಲಿ ‘ಸಿಟಿ ಇಯರ್’ ಕಟ್ಟಿದರು. ಹದಿನೇಳು ದಾಟಿದ ಹುಡುಗ ಹುಡುಗಿಯರು ತಮ್ಮ ಬದುಕಿನ ಒಂದು ವರ್ಷವನ್ನು ಊರಿಗೆ ಕೊಡಲಿ ಎಂಬುದು ಅವರ ಆಸೆ. ಉಳ್ಳವರ ಮಕ್ಕಳು, ಶಾಲೆ ಅರ್ಧಕ್ಕೆ ಬಿಟ್ಟವರು, ಕರಿಯರು, ಬಿಳಿಯರು ಎಲ್ಲರೂ ಒಂದೇ ತಂಡದಲ್ಲಿರಬೇಕು. ಮೊದಲ ಬೇಸಿಗೆಗೆ ಸೇರಿದವರು 50 ಮಂದಿ. ಬೆಳಗಾದರೆ ಎಲ್ಲರೆದುರು ಚೌಕದಲ್ಲಿ ಸಾಲುಗಟ್ಟಿ ಕವಾಯತು, ಆಮೇಲೆ ಕೆಲಸ. ಆರಂಭದಲ್ಲಿ ಸರ್ಕಾರದ ದುಡ್ಡು ಮುಟ್ಟಲಿಲ್ಲ. ಬ್ಯಾಂಕ್ ಆಫ್ ಬಾಸ್ಟನ್, ಬೇನ್‌ನಂಥ ಕಂಪನಿಗಳು ಕೈಹಿಡಿದವು. ಒಂದೊಂದು ತಂಡದ ಖರ್ಚನ್ನು ಒಂದೊಂದು ಕಂಪನಿ ವಹಿಸಿಕೊಳ್ಳುವ ಏರ್ಪಾಡು ಬೇರೂರಿತು.

ಕೆಲಸಕ್ಕೆ ಗಟ್ಟಿ ಬೂಟು ಬೇಕಿತ್ತು. 1989ರಲ್ಲಿ ನ್ಯೂಹ್ಯಾಂಪ್‌ಷೈರ್‌ನ ಟಿಂಬರ್‌ಲ್ಯಾಂಡ್ ಕಂಪನಿಗೆ ಐವತ್ತು ಜೊತೆ ಕೊಡಿ ಎಂದು ಬರೆದರು. ಕಂಪನಿ ಕಳಿಸಿಯೂ ಬಿಟ್ಟಿತು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ದಾನದ ಬಹಳಷ್ಟು ಕಥೆಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ಬ್ರೌನ್ ಆ ಕಂಪನಿ ನಡೆಸುತ್ತಿದ್ದ ಮನೆತನದ ಮೂರನೇ ತಲೆಮಾರಿನ ಜೆಫ್ರಿ ಸ್ವಾರ್ಟ್ಸ್ ಅವರನ್ನು, ನೀವೂ ಬಂದು ಅರ್ಧ ದಿನ ಕೆಲಸ ಮಾಡಿ ಎಂದು ಕರೆದರು. ಕೆಲಸದ ಜಾಗ ಕಂಪನಿಯ ಕಚೇರಿಯಿಂದ ದೂರವೇನಿರಲಿಲ್ಲ. ಅದು ಮಾದಕ ವ್ಯಸನದಿಂದ ಹೊರಬರಲು ಒದ್ದಾಡುತ್ತಿದ್ದ ಹದಿಹರೆಯದವರ ಆಶ್ರಯಮನೆ. ಅಲ್ಲೊಬ್ಬ ಹುಡುಗ, ನೀವೇನು ಕೆಲಸ ಮಾಡೋದು ಎಂದು ಕೇಳಿದನಂತೆ. ಸ್ವಾರ್ಟ್ಸ್ ತಮ್ಮ ಹುದ್ದೆಯ ಉದ್ದದ ವಿವರಣೆ ಕೊಟ್ಟು, ನೀನೇನು ಮಾಡ್ತೀಯ ಎಂದರು. ನಾನು ಗುಣವಾಗೋ ಕೆಲಸ ಮಾಡ್ತಿದ್ದೀನಿ ಅಂದನಂತೆ ಹುಡುಗ. ತನ್ನ ಉತ್ತರ ಅದರೆದುರು ಸಪ್ಪೆಯಾಯಿತು ಎಂದು ಸ್ವಾರ್ಟ್ಸ್ ಮುಂದೆ ಹಲವು ವೇದಿಕೆಗಳಲ್ಲಿ ಹೇಳಿಕೊಂಡರು. ಹೇಳಿ ಹೇಳಿ ಕಥೆಗೆ ತುಸು ಹೊಳಪು ಬಂದಿರಲೂಬಹುದು. ಅದೇನೇ ಇರಲಿ, ನಂತರ ನಡೆದದ್ದಕ್ಕೆ ಲೆಕ್ಕವಿದೆ.

1992ರಲ್ಲಿ ಟಿಂಬರ್‌ಲ್ಯಾಂಡ್ 10 ಲಕ್ಷ ಡಾಲರ್, 1994ರಲ್ಲಿ 50 ಲಕ್ಷ ಡಾಲರ್ ನೆರವು ಘೋಷಿಸಿತು. ಬೂಟಿನ ಜೊತೆಗೆ ಸಮವಸ್ತ್ರವೂ ಬಂತು. ಸಿಟಿ ಇಯರ್‌ನ ಕೆಂಪು ಜಾಕೆಟ್ಟು ಊರೂರಲ್ಲಿ ಗುರುತಾಯಿತು. ಬೀದಿಯಲ್ಲಿ ನಡೆದಾಡುವ ಜಾಹೀರಾತು ಕಂಪನಿಗೆ ಸಿಕ್ಕಿತು ಎನ್ನುವವರ ಮಾತು ಸುಳ್ಳಲ್ಲ. ಆದರೆ ಕೊಟ್ಟವರೂ ಸ್ವಲ್ಪ ಬದಲಾದರು ಎನ್ನುವುದು ನನಗೆ ಹೆಚ್ಚು ಕುತೂಹಲದ ಸಂಗತಿ. 1992ರಲ್ಲೇ ಕಂಪನಿ ತನ್ನ ನೌಕರರಿಗೆ ವರ್ಷಕ್ಕೆ 16 ಗಂಟೆ ಸಂಬಳಸಹಿತ ಸೇವೆಯ ಅವಕಾಶ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅದು 40 ಗಂಟೆಗೇರಿತು. ತಂಡ ಕಟ್ಟುವುದು ಹೇಗೆ, ತಮಗಿಂತ ಭಿನ್ನರಾದವರೊಡನೆ ದುಡಿಯುವುದು ಹೇಗೆ ಎಂದು ನೌಕರರಿಗೆ ತರಬೇತಿ ಕೊಡಲು ಸಿಟಿ ಇಯರ್‌ನವರೇ ಬಂದರು. ನಾಯಕತ್ವದ ಪಾಠ ಕಂಪನಿಯಿಂದ ಯುವಕರಿಗೆ ಇಳಿಯುತ್ತದೆಂಬ ನಮ್ಮ ರೂಢಿಯ ನಂಬಿಕೆ ಇಲ್ಲಿ ತಲೆಕೆಳಗಾಗಿತ್ತು.

ಈ ಹೊತ್ತಿಗೆ ರಾಜಕಾರಣದ ಕಣ್ಣೂ ಬಿದ್ದಿತ್ತು. ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿದ್ದ ಬಿಲ್ ಕ್ಲಿಂಟನ್ 1991ರಲ್ಲಿ ಸಿಟಿ ಇಯರ್ ನೋಡಿಹೋದರು. ಗೆದ್ದ ಮೇಲೆ, 1993ರಲ್ಲಿ, ‘ಅಮೆರಿಕಾರ್ಪ್ಸ್’ ಎಂಬ ರಾಷ್ಟ್ರೀಯ ಸೇವಾ ಯೋಜನೆಯ ಕಾಯಿದೆಗೆ ಸಹಿ ಹಾಕಿದರು. ಸರ್ಕಾರದ ಹಣ ಹರಿದುಬಂತು. ಜೊತೆಗೇ ಅದರ ಭಯವೂ ಬಂತು: 2003ರಲ್ಲಿ ಅಮೆರಿಕಾರ್ಪ್ಸ್ ಅನುದಾನಕ್ಕೆ ಕತ್ತರಿ ಬಿದ್ದಾಗ ಸಿಟಿ ಇಯರ್ ತಂಡಗಳು ಕುಗ್ಗಿದವು.

ಕಂಪನಿಯ ನಿಜವಾದ ಪರೀಕ್ಷೆ ಅದಕ್ಕೂ ಮೊದಲೇ, 1995ರಲ್ಲಿ ನಡೆದಿತ್ತು. ಟಿಂಬರ್‌ಲ್ಯಾಂಡ್ ಆ ವರ್ಷ ನಷ್ಟಕ್ಕಿಳಿಯಿತು. ಕಾರ್ಮಿಕರು ಕೆಲಸ ಕಳೆದುಕೊಂಡರು. ನಮ್ಮವರನ್ನು ಮನೆಗೆ ಕಳಿಸಿ ಹೊರಗಿನ ಹುಡುಗರಿಗೆ ದುಡ್ಡು ಕೊಡುವುದು ಯಾವ ನ್ಯಾಯ ಎಂದು ಒಳಗಿನವರೇ ಕೇಳಿದರು. ನ್ಯಾಯವಾದ ಪ್ರಶ್ನೆ, ಅದಕ್ಕೆ ಪೂರ್ತಿ ಒಪ್ಪುವಂಥ ಉತ್ತರ ಇತ್ತೆಂದು ನನಗನಿಸುವುದಿಲ್ಲ. ಸ್ವಾರ್ಟ್ಸ್ ಮಾತ್ರ ನೆರವು ನಿಲ್ಲಿಸಲಿಲ್ಲ.

ನಮ್ಮಲ್ಲಿ 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಲಾಭ ಕರಗಿದರೆ ಆ ಹೊಣೆಯೂ ಕರಗುತ್ತದೆ. ನಷ್ಟದ ವರ್ಷದಲ್ಲಿ ಕೈಬಿಡದಿರುವುದನ್ನು ಯಾವ ಕಾಯಿದೆಯೂ ಬರೆಯಲಾರದು. ಅದು ಕುರ್ಚಿಯಲ್ಲಿ ಕೂತ ಮನುಷ್ಯನ ಮೇಲೆ ನಿಂತ ಮಾತು. ಈ ಏರ್ಪಾಡಿನ ಬಲ ಅದೇ, ಬಲಹೀನತೆಯೂ ಅದೇ. 2011ರಲ್ಲಿ ವಿಎಫ್ ಕಾರ್ಪೊರೇಷನ್ ಸುಮಾರು 200 ಕೋಟಿ ಡಾಲರಿಗೆ ಟಿಂಬರ್‌ಲ್ಯಾಂಡನ್ನು ಕೊಂಡಿತು, ಸ್ವಾರ್ಟ್ಸ್ ಹೊರನಡೆದರು. ಆ ಹೊತ್ತಿಗೆ ಸಿಟಿ ಇಯರ್ ಒಂದೇ ಮನೆಯನ್ನು ನೆಚ್ಚಿ ಕೂತಿರಲಿಲ್ಲ. ಹಲವು ದೊಡ್ಡ ಕಂಪನಿಗಳನ್ನು ಜೊತೆಗೂಡಿಸಿಕೊಂಡು, ಬಡ ಬಡಾವಣೆಗಳ ಶಾಲೆಗಳಲ್ಲಿ ಹಿಂದುಳಿದ ಮಕ್ಕಳ ಪಕ್ಕ ಕೂತು ಕಲಿಸುವ ಕೆಲಸಕ್ಕೆ ತನ್ನ ಹುಡುಗ ಹುಡುಗಿಯರನ್ನು ಹಚ್ಚಿತ್ತು. ಜೋಹಾನ್ಸ್‌ಬರ್ಗ್, ಲಂಡನ್‌ವರೆಗೂ ಹಬ್ಬಿತ್ತು.