ಬೋಡಾ ಬೋಡಾ ಅಪಘಾತ, ಹರಿದ ಮೂತ್ರನಾಳ

ನೈರೋಬಿಗೆ ಬಂದ ಮೊದಲ ವಾರದಲ್ಲೇ ಕಿವಿಗೆ ಬೀಳೋ ಶಬ್ದ ‘ಬೋಡಾ ಬೋಡಾ’, ಅಂದ್ರೆ ಬಾಡಿಗೆ ಬೈಕು. ಕೀನ್ಯಾ-ಉಗಾಂಡಾ ಗಡಿಯಲ್ಲಿ ಜನರನ್ನು ಸೈಕಲ್ ಮೇಲೆ ದಾಟಿಸುತ್ತಿದ್ದವರು ‘ಬಾರ್ಡರ್, ಬಾರ್ಡರ್’ ಅಂತ ಕೂಗಿ ಕೂಗಿ ಈ ಹೆಸರು ಬಂತಂತೆ. 2008ರಲ್ಲಿ ಸರ್ಕಾರ 250 ಸಿಸಿ ಒಳಗಿನ ಬೈಕುಗಳ ಮೇಲಿನ ತೆರಿಗೆ ತೆಗೆದ ಮೇಲೆ ಊರೆಲ್ಲ ಬೈಕುಗಳೇ ಆದವು. ಸಾವಿರಾರು ಹುಡುಗರಿಗೆ ಅನ್ನ ಸಿಕ್ಕಿತು, ಜೊತೆಗೆ ಆಸ್ಪತ್ರೆಗಳ ಮೂಳೆ ವಾರ್ಡುಗಳೂ ತುಂಬಿದವು. ಮುರಿದ ಕಾಲಿನ ಬಗ್ಗೆ ಎಲ್ಲರೂ ಫೋನ್ ಮಾಡಿ ವಿಚಾರಿಸ್ತಾರೆ. ಆದರೆ ಅದೇ ಅಪಘಾತದಲ್ಲಿ ಮೂತ್ರನಾಳ ಹರಿದಿದ್ದರೆ ಅದನ್ನು ಅಣ್ಣತಮ್ಮಂದಿರ ಹತ್ತಿರವೂ ಯಾರೂ ಹೇಳಿಕೊಳ್ಳಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು.

ಮೂತ್ರಕೋಶದಿಂದ ಹೊರಗೆ ಬರುವ ನಾಳ ಗಂಡಸರಲ್ಲಿ ಸುಮಾರು 18–20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 4 ಮಾತ್ರ. ಹಾಗಾಗಿ ಈ ತೊಂದರೆ ಹೆಚ್ಚಾಗಿ ಗಂಡಸರದ್ದೇ. ಪೆಟ್ಟು ಎರಡು ತರ. ಕಾಲು ಅಗಲಿಸಿ ಪೆಟ್ರೋಲ್ ಟ್ಯಾಂಕಿನ ಮೇಲೋ, ನಮ್ಮೂರಲ್ಲಾದ್ರೆ ತೋಟದ ಬೇಲಿಯ ಮೇಲೋ ಬಿದ್ದಾಗ ನಾಳ ಎಲುಬಿಗೆ ಒತ್ತಿ ಜಜ್ಜಿಹೋಗುತ್ತೆ. ಇನ್ನೊಂದು, ಲಾರಿ ಗುದ್ದಿಯೋ ಅಡಿಕೆ ಮರದಿಂದ ಬಿದ್ದೋ ಸೊಂಟದ ಎಲುಬಿನ ಉಂಗುರವೇ ಮುರಿಯೋದು. ಆಗ ಪ್ರಾಸ್ಟೇಟ್ ಗ್ರಂಥಿಯ ಕೆಳಗೆ ನಾಳ ಕಿತ್ತು ಎರಡಾಗುತ್ತೆ. ಮೇಲಿನ ತುಂಡನ್ನು ಒಳಗೆ ಹೆಪ್ಪುಗಟ್ಟಿದ ರಕ್ತ ಇನ್ನೂ ಮೇಲಕ್ಕೆ ತಳ್ಳುತ್ತೆ. ನಡುವೆ ಖಾಲಿಯಾದ ಜಾಗ ತಿಂಗಳುಗಳಲ್ಲಿ ಗಟ್ಟಿ ಗಾಯದ ಕಲೆಯಿಂದ ತುಂಬಿಕೊಳ್ಳುತ್ತೆ. ಜಜ್ಜಿದ ನಾಳವೂ ಹೀಗೆ ಕಲೆಗಟ್ಟಿ ಕಿರಿದಾಗುತ್ತೆ. ಇದನ್ನೇ ಸ್ಟ್ರಿಕ್ಚರ್ ಅಂತಾರೆ.

ಗಾಯಾಳುವಿನ ಮೂತ್ರದ್ವಾರದ ತುದಿಯಲ್ಲಿ ಒಂದು ಹನಿ ರಕ್ತ ಕಂಡರೂ ಕಣ್ಣುಮುಚ್ಚಿ ಕ್ಯಾಥೆಟರ್ ತುರುಕಬಾರದು. ಅರ್ಧ ಹರಿದಿದ್ದು ಪೂರ್ತಿ ಹರಿದೀತು. ಮೊದಲು ತುದಿಯಿಂದ ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೀತಾರೆ. ನಾಳ ತುಂಡಾಗಿದ್ದರೆ ಹೊಕ್ಕಳಿನ ಕೆಳಗೆ ಸಣ್ಣ ತೂತು ಮಾಡಿ ನೇರ ಮೂತ್ರಕೋಶಕ್ಕೇ ಕೊಳವೆ ಇಡ್ತಾರೆ. ಆಮೇಲೆ ಕಾಯೋದು. ಕಡಿಮೆ ಅಂದ್ರೂ ಮೂರು ತಿಂಗಳು. ಸ್ವಾಹಿಲಿಯಲ್ಲಿ ‘ಪೋಲೆ ಪೋಲೆ’ ಅಂತಾರಲ್ಲ, ಹಾಗೆ ನಿಧಾನ. ಊದಿ ರಕ್ತಮಯವಾದ ಜಾಗಕ್ಕೆ ಅವಸರದಲ್ಲಿ ಕತ್ತಿ ಹಾಕಿದ್ರೆ ನರಗಳು ಹಾಳಾಗಿ, ಲೈಂಗಿಕ ಶಕ್ತಿ ಮತ್ತು ಮೂತ್ರದ ಹಿಡಿತ ಎರಡೂ ಹೋಗೋ ಅಪಾಯ ಜಾಸ್ತಿ. ಆದ್ರೆ ಹೊಟ್ಟೆಗೆ ಚೀಲ ಕಟ್ಟಿಕೊಂಡು ಮೂರು ತಿಂಗಳು ಅಂದ್ರೆ ದಿನದ ದುಡಿಮೆಯವನಿಗೆ ಅದೆಷ್ಟು ದೂರ, ಯೋಚಿಸಿ. ಸೋಂಕು, ಕಲ್ಲು ಇವೆಲ್ಲ ಬೇರೆ. ದುಡ್ಡಿಲ್ಲದೆ ಮೂರು ತಿಂಗಳು ವರ್ಷಗಳಾಗೋದೂ ಉಂಟು.

ಈ ಕಾಯುವಿಕೆಯ ನಡುವೆ ‘ಸುಲಭದ ದಾರಿ’ಯ ಆಸೆ ಬರುತ್ತೆ. ಸಣ್ಣ ಸಲಾಕೆ ಹಾಕಿ ಹಿಗ್ಗಿಸೋದು, ಇಲ್ಲವೇ ದುರ್ಬೀನು ಹಾಕಿ ಒಳಗಿನಿಂದ ಕಲೆಯನ್ನು ಸೀಳೋದು. ಹಿಗ್ಗಿಸೋದು ಹೊಸದೇನಲ್ಲ. ನಿರುದ್ಧಪ್ರಕಶ ಅನ್ನೋ ತೊಂದರೆಗೆ ತುಪ್ಪ ಸವರಿದ ಕಬ್ಬಿಣದ, ಮರದ ಅಥವಾ ಅರಗಿನ ಕೊಳವೆಯನ್ನು ಹಾಕಿ, ಮೂರು ದಿನಕ್ಕೊಮ್ಮೆ ಇನ್ನೂ ದಪ್ಪದ್ದನ್ನು ಬಳಸಬೇಕು ಅಂತ ಸುಶ್ರುತ ಸಂಹಿತೆಯಲ್ಲೇ ಇದೆ. ಚಿಕ್ಕ ಸ್ಟ್ರಿಕ್ಚರಿಗೆ ಒಂದು ಸಲ ಪರವಾಗಿಲ್ಲ. ಆದರೆ ಎಲುಬು ಮುರಿದು ತುಂಡಾದ ನಾಳಕ್ಕೆ ಇದು ಪರಿಹಾರವೇ ಅಲ್ಲ. ಪ್ರತಿ ಸಲ ಸೀಳಿದಾಗಲೂ ಹೊಸ ಗಾಯ, ಹೊಸ ಕಲೆ.

ಸರಿಯಾದ ಕೆಲಸ ಯುರೆಥ್ರೋಪ್ಲಾಸ್ಟಿ. ತೋಟದ ಡ್ರಿಪ್ ಪೈಪು ಹಾಳಾದ್ರೆ ಏನ್ ಮಾಡ್ತೀವಿ? ಕೆಟ್ಟ ತುಂಡು ಕತ್ತರಿಸಿ ಒಳ್ಳೇ ತುದಿಗಳನ್ನು ಸೇರಿಸ್ತೀವಿ. ಇಲ್ಲೂ ಅದೇ. ವೃಷಣ ಮತ್ತು ಗುದದ್ವಾರದ ನಡುವೆ ಕೊಯ್ದು, ಕಲೆಯನ್ನೆಲ್ಲ ತೆಗೆದು, ತುದಿಗಳನ್ನು ಕೊಂಚ ಸೀಳಿ ಅಗಲ ಮಾಡಿ, ಕರಗುವ ಸಣ್ಣ ದಾರದಿಂದ ಸುತ್ತಲೂ ಹೊಲೀತಾರೆ. ಮುಂಭಾಗದ ನಾಳಕ್ಕೆ ರಬ್ಬರಿನ ಹಾಗೆ ಹಿಗ್ಗುವ ಗುಣ ಇರೋದರಿಂದ ಕೆಲವು ಸೆಂಟಿಮೀಟರ್ ಅಂತರ ಮುಚ್ಚಿಹೋಗುತ್ತೆ. ಸಾಲದಿದ್ದರೆ ಎಲುಬಿನ ಕೆಳ ಅಂಚನ್ನೇ ಸ್ವಲ್ಪ ಕೆತ್ತಿ ದಾರಿ ಹತ್ತಿರ ಮಾಡ್ತಾರೆ. ಅತಿಯಾಗಿ ಎಳೆದು ಹೊಲಿದ್ರೆ ಮಾತ್ರ ಉಳಿಯಲ್ಲ.

ಮುಂಭಾಗದ ನಾಳದಲ್ಲೇ ಉದ್ದಕ್ಕೆ ಕಿರಿದಾಗಿದ್ದರೆ ಕತ್ತರಿಸಿ ಸೇರಿಸೋಕೆ ಆಗಲ್ಲ. ಆಗ ಕೆನ್ನೆಯ ಒಳಪೊರೆ ತೆಗೆದು ತೇಪೆ ಹಾಕ್ತಾರೆ. ಆ ಪೊರೆಗೆ ಕೂದಲಿಲ್ಲ, ಒದ್ದೆಯಲ್ಲೇ ಇದ್ದು ರೂಢಿ. ಬಾಯಿಯ ಗಾಯವೂ ಬೇಗ ಮಾಯುತ್ತೆ. ಇದರಲ್ಲಿ ಪುಣೆಯ ಡಾ. ಸಂಜಯ ಕುಲಕರ್ಣಿ ಅವರ ಹೆಸರು ಜಗತ್ತಿನೆಲ್ಲೆಡೆ ಗೊತ್ತು. ಉದ್ದಕ್ಕೂ ಕಿರಿದಾದ ನಾಳವನ್ನು ಒಂದೇ ಸಲಕ್ಕೆ ಸರಿಪಡಿಸುವ ವಿಧಾನಕ್ಕೆ ಅವರ ಹೆಸರೇ ಇದೆ.

ನೈರೋಬಿಯಲ್ಲಿ ಕೆನ್ಯಾಟಾ ನ್ಯಾಷನಲ್ ಆಸ್ಪತ್ರೆಯೇ ದೇಶದ ಮುಖ್ಯ ರೆಫರಲ್ ಕೇಂದ್ರ, ನೈರೋಬಿ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯೂ ಹೌದು. ದೂರದ ಕೌಂಟಿಗಳಿಂದ ಬರೋರಲ್ಲಿ ಹಲವರು ಹಿಗ್ಗಿಸಿಕೊಂಡೋ ಸೀಳಿಸಿಕೊಂಡೋ ಸುಸ್ತಾದವರು. ಅದೇ ನನಗೆ ದೊಡ್ಡ ನಷ್ಟ ಅನ್ನಿಸೋದು. ಅನುಭವಿ ಕೈಯಲ್ಲಿ ಮೊದಲ ಸಲದ ಜೋಡಣೆ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಗೆಲ್ಲುತ್ತೆ. ಕೆಟ್ಟು ಮತ್ತೆ ಮಾಡುವಾಗ ಆ ಅನುಪಾತ ಇಳಿಯುತ್ತೆ. ಲೈಂಗಿಕ ದೌರ್ಬಲ್ಯ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಂದಲ್ಲ, ಅಪಘಾತದ ಪೆಟ್ಟಿನಿಂದಲೇ ಬಂದಿರುತ್ತೆ. ಅದಕ್ಕೂ ಚಿಕಿತ್ಸೆ ಇದೆ, ಆದರೆ ಬಾಯಿಬಿಟ್ಟು ಕೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಸುಮಾರು ಮೂರು ವಾರ ಕ್ಯಾಥೆಟರ್. ಆಮೇಲೆ ಬಣ್ಣ ಹಾಕಿ ಎಕ್ಸ್‌ರೇ, ಸೋರದಿದ್ದರೆ ತೆಗೀತಾರೆ. ಮುಂದಿನ ತಿಂಗಳುಗಳಲ್ಲಿ ಧಾರೆಯ ವೇಗ ಅಳೆಯೋ ಯಂತ್ರಕ್ಕೆ ಮೂತ್ರ ಮಾಡಿಸಿ ನೋಡ್ತಾರೆ. ಧಾರೆ ಮತ್ತೆ ಸಣ್ಣಗಾದ್ರೆ, ಎರಡಾಗಿ ಸೀಳಿದ್ರೆ, ತಿಣುಕಬೇಕಾದ್ರೆ ಆ ವಾರವೇ ವಾಪಸ್ ಹೋಗಬೇಕು, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯೋ ಹಾಗಿಲ್ಲ.