ರೈಲನ್ನು ಆಕಾಶಕ್ಕೇರಿಸುವ ಸುಂಟರಗಾಳಿ

ಮಹಾನಗರವೊಂದರ ಮೇಲೆ ಸುಂಟರಗಾಳಿ ಬಂದೆರಗುವ ದೃಶ್ಯವನ್ನು ಕಥೆಯಲ್ಲಾಗಲಿ ಚಲನಚಿತ್ರದಲ್ಲಾಗಲಿ ಚಿತ್ರಿಸಹೊರಟವರು, ಎತ್ತರದ ಹಳಿಗಳ ಮೇಲೆ ಸಾಗುತ್ತಿರುವ ರೈಲೊಂದನ್ನು ಆ ಗಾಳಿಯು ಬೋಗಿಗಳ ಸಮೇತ ಮೇಲಕ್ಕೆತ್ತಿ, ಗಗನಚುಂಬಿ ಕಟ್ಟಡಗಳ ನೆತ್ತಿಯ ಮೇಲೆ ಸುತ್ತಿಸಿ, ಊರಿನ ಇನ್ನೊಂದು ಕೊನೆಗೆ ಒಯ್ದು ಎಸೆಯುವಂತೆ ಮಾಡದ ಹೊರತು ತೃಪ್ತರಾಗುವುದಿಲ್ಲ. ಕಲ್ಪಿಸುವವರ ಸ್ವಾತಂತ್ರ್ಯಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ನೋಡಿದವರು ಅದನ್ನು ಕಲ್ಪನೆಯೆಂದು ಅಲ್ಲಿಗೇ ಬಿಡದೆ, ‘ಇಂಥದು ಹಿಂದೆ ನಿಜವಾಗಿಯೂ ನಡೆದಿದೆ’ ಎಂದು ಸಾಧಿಸತೊಡಗಿದಾಗ ತಾಳ್ಮೆ ಉಳಿಯುವುದು ಕಷ್ಟ.

ಅವರು ಒಡ್ಡುವ ಸಾಕ್ಷ್ಯ ಬಹುಮಟ್ಟಿಗೆ ಒಂದೇ. 1931ನೆಯ ಇಸವಿ ಮೇ 27ರಂದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, 83 ಟನ್ ತೂಕದ ರೈಲೊಂದನ್ನು ಅದರಲ್ಲಿದ್ದ 117 ಮಂದಿ ಪ್ರಯಾಣಿಕರೊಡನೆ ಸುಂಟರಗಾಳಿಯು ಎತ್ತಿಕೊಂಡು 80 ಅಡಿ ದೂರ ಗಾಳಿಯಲ್ಲಿ ಹೊತ್ತೊಯ್ಯಿತಂತೆ. ಮೂರ್‌ಹೆಡ್ ಎಂಬ ಊರಿನ ಸಮೀಪದಲ್ಲಿ ‘ಎಂಪೈರ್ ಬಿಲ್ಡರ್’ ಎಂಬ ಹೆಸರಾಂತ ಗಾಡಿ ಅಂದು ಸುಂಟರಗಾಳಿಗೆ ಸಿಕ್ಕಿ ಹಳಿಯಿಂದಾಚೆ ಬಿದ್ದದ್ದು ನಿಜ. ಸುಳ್ಳಾಗಿರುವುದು ಘಟನೆಯಲ್ಲ, ಅದನ್ನು ಹೇಳುವ ರೀತಿ. ಅಮೆರಿಕದಲ್ಲಿ ಆ ಕಾಲದ ಉಕ್ಕಿನ ಪ್ರಯಾಣಿಕ ಬೋಗಿ ಒಂದೊಂದೂ ಎಪ್ಪತ್ತು ಎಂಬತ್ತು ಟನ್ ತೂಗುತ್ತಿದ್ದಿತಾಗಿ, 83 ಟನ್ ಎಂಬುದು ಒಂದು ಬೋಗಿಯ ತೂಕವಾದೀತೇ ಹೊರತು ಎಂಜಿನ್ನೂ ಹಲವಾರು ಬೋಗಿಗಳೂ ಕೂಡಿದ ಇಡೀ ಗಾಡಿಯ ತೂಕವಾಗುವುದು ಸರ್ವಥಾ ಅಸಾಧ್ಯ. ಇನ್ನು 80 ಅಡಿ ಎಂಬುದು ಹೆಚ್ಚು ಕಡಮೆ ಅಂಥ ಬೋಗಿಯೊಂದರ ಉದ್ದ. ತನ್ನ ಉದ್ದದಷ್ಟು ದೂರಕ್ಕೆ ಪಕ್ಕದ ಬಯಲಿಗೆ ತಳ್ಳಲ್ಪಟ್ಟು ಬಿದ್ದ ಬೋಗಿಯನ್ನು, ತಲೆಮಾರುಗಳ ಬಾಯಿಮಾತು ಆಕಾಶಯಾನ ಮಾಡಿದ ರೈಲನ್ನಾಗಿ ಮಾರ್ಪಡಿಸಿಬಿಟ್ಟಿದೆ. ಆ 117 ಮಂದಿಯಲ್ಲಿ ಪ್ರಾಣ ಕಳೆದುಕೊಂಡವನು ಒಬ್ಬನೇ ಒಬ್ಬ ಎಂಬುದನ್ನಾದರೂ ಗಮನಿಸಿದ್ದರೆ, ಗಾಡಿಯು ಹಾರಿತೆಂಬ ಮಾತನ್ನು ಮತ್ತೊಮ್ಮೆ ಆಡುವ ಮುನ್ನ ಯಾರಾದರೂ ಅನುಮಾನಿಸಬೇಕಾಗಿತ್ತು.

ಗಾಳಿಯ ಬಲವನ್ನು ನಾನು ಅಲ್ಪವೆನ್ನುತ್ತಿಲ್ಲ. ವೇಗವು ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದೆಂಬ ನಿಯಮದಂತೆ, ಗಂಟೆಗೆ 200 ಕಿಲೋಮೀಟರ್ ವೇಗದ ಗಾಳಿ 50 ಚದರ ಮೀಟರ್ ವಿಸ್ತಾರವುಳ್ಳ ಬೋಗಿಯ ಪಾರ್ಶ್ವವನ್ನು ಒಂಬತ್ತು ಹತ್ತು ಟನ್ ಭಾರಕ್ಕೆ ಸಮನಾದ ಬಲದಿಂದ ನೂಕುತ್ತದೆ. ಬೋಗಿಯನ್ನು ಎತ್ತಬೇಕಾದರೆ ಅದರ ಸಮಗ್ರ ಭಾರವನ್ನೂ ಮೀರಬೇಕು. ಮಗುಚಬೇಕಾದರೆ ಗಾಳಿಗೆ ಮರೆಯಾದ ಕಡೆಯ ಹಳಿಯ ಮೇಲೆ ಅದನ್ನು ಹೊರಳಿಸಿದರೆ ಸಾಕು, ಅದಕ್ಕೆ ಬೇಕಾದ ಬಲ ಎಷ್ಟೋ ಕಡಮೆ. ಆದಕಾರಣವೇ ಸುಂಟರಗಾಳಿಯು ರೈಲನ್ನು ಹಾರಿಸುವುದಕ್ಕಿಂತ ಬಹಳ ಮೊದಲೇ ಉರುಳಿಸುತ್ತದೆ. ಹಳಿಗಳ ನಡುವಣ ಅಂತರ ಕಿರಿದಾದಷ್ಟೂ, ಬೋಗಿ ಹಗುರವಾದಷ್ಟೂ, ಮಾರ್ಗ ಎತ್ತರದ ಸೇತುವೆಯ ಮೇಲಿದ್ದಷ್ಟೂ ಈ ಅಪಾಯ ಹೆಚ್ಚು. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿಲಿಮೀಟರ್. ಜಪಾನಿನ ಸಾಮಾನ್ಯ ಮಾರ್ಗಗಳಲ್ಲಿ ಅದು 1067 ಮಾತ್ರ.

ಮಹಾನಗರದ ರೈಲೊಂದು ನಿಜವಾಗಿ ಸುಂಟರಗಾಳಿಗೆ ಸಿಕ್ಕಿದ ನಿದರ್ಶನವೂ ಆ ಜಪಾನಿನದೇ, ಮತ್ತು ಈ ಕಲ್ಪನಾಪಟುಗಳಲ್ಲಿ ಒಬ್ಬರೂ ಅದನ್ನು ಸ್ಮರಿಸುವುದಿಲ್ಲ. 1978ರ ಫೆಬ್ರವರಿ 28ರ ರಾತ್ರಿ, ಟೋಕಿಯೋ ನಗರದ ತೋಜೈ ಮಾರ್ಗದ ಗಾಡಿಯೊಂದು, ಹೆಸರಿಗೆ ಸುರಂಗ ರೈಲಾದರೂ ಅಲ್ಲಿ ಬಯಲಿಗೆ ಬಂದು, ಅರಕಾವಾ ನದಿಯ ಉದ್ದನೆಯ ಸೇತುವೆಯನ್ನು ದಾಟುತ್ತಿದ್ದಾಗ, ಸುಂಟರಗಾಳಿಯು ಅದರ ಕೊನೆಯ ಎರಡು ಬೋಗಿಗಳನ್ನು ಮಗುಚಿಹಾಕಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಯಾರೂ ಸಾಯಲಿಲ್ಲ. ಮಿಕ್ಕ ಬೋಗಿಗಳು ಮಗುಚದೆ ನಿಂತವು. ಯಾವ ಚಿತ್ರಗ್ರಾಹಕನಿಗೂ ಒಪ್ಪಿಗೆಯಾಗದ ದೃಶ್ಯವಿದು, ಆದರೆ ಯಥಾರ್ಥವಾದ ದೃಶ್ಯ. ಕತ್ತಲೆಯಲ್ಲಿ ಅಡ್ಡಬಿದ್ದ ಬೋಗಿ, ಒಡೆದ ಗಾಜು, ಕೆಳಗೆ ನದಿ: ಇಷ್ಟರಲ್ಲಿಯೇ ಬೇಕಾದಷ್ಟು ಭಯವಿಲ್ಲವೆ?

ಈಗ ಷಿಕಾಗೋ ನಗರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿಯ ಎತ್ತರದ ಹಳಿಗಳ ರೈಲೇ ಇಂಥ ಕಥೆಗಳಿಗೆ ಹೇಳಿಮಾಡಿಸಿದಂತಿದೆ. ಊರಿನ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಸಾಮಾನ್ಯ ಸುಂಟರಗಾಳಿಯ ಪಥ ಕೆಲವೇ ಕಿಲೋಮೀಟರ್ ಉದ್ದ, ಹೆಚ್ಚೆಂದರೆ ಕೆಲವು ನೂರು ಮೀಟರ್ ಅಗಲ, ಅದರ ಆಯುಸ್ಸು ಹತ್ತು ನಿಮಿಷಕ್ಕೂ ಕಡಮೆ. ಹೀಗಿರುವಲ್ಲಿ ಅದು ನೇರವಾಗಿ ತಾಕುವುದು ಒಂದೋ ಎರಡೋ ಗಾಡಿಗಳನ್ನು, ಅದೂ ಕೆಲವು ಸೆಕೆಂಡುಗಳ ಕಾಲ. ಉಳಿದ ಗಾಡಿಗಳಿಗೆ ಒದಗುವ ವಿಪತ್ತು ಬೇರೆ ತೆರನಾದುದು: ವಿದ್ಯುತ್ತು ಕಡಿದು ನಡುದಾರಿಯಲ್ಲಿ ನಿಂತ ಬೋಗಿಗಳು, ಹಳಿಗಡ್ಡವಾಗಿ ಬಿದ್ದ ಮರ, ತಗಡು, ಛಾವಣಿಯ ತುಂಡುಗಳು, ಇಳಿದು ಓಡುವ ಆತುರದಲ್ಲಿ, ಯಾವ ಕ್ಷಣದಲ್ಲಾದರೂ ಮತ್ತೆ ಜೀವ ಬರಬಹುದಾದ, ಗಾಡಿಗೆ ವಿದ್ಯುತ್ತು ಒದಗಿಸುವ 600 ವೋಲ್ಟಿನ ಮೂರನೆಯ ಹಳಿಯ ಪಕ್ಕದಲ್ಲಿ ಕಾಲಿಡುವ ಜನ. ಇವುಗಳ ಜೊತೆಗೆ ಮಳೆಯನ್ನು ಮರೆಯಬಾರದು. 2007ರ ಆಗಸ್ಟ್ 8ರ ಬೆಳಗ್ಗೆ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗಕ್ಕೆ ಸುಂಟರಗಾಳಿ ಬಂದಾಗ ಸುರಂಗ ರೈಲುಗಳನ್ನು ಸ್ತಬ್ಧಗೊಳಿಸಿದ್ದು ಸುಂಟರಗಾಳಿಯಲ್ಲ. ಅದೇ ಬಿರುಮಳೆಯ ನೀರು ಸುರಂಗಗಳಿಗೆ ನುಗ್ಗಿ ಲಕ್ಷಾಂತರ ಜನರ ದಾರಿ ಕಟ್ಟಿತು.

ದೊಡ್ಡ ಊರುಗಳ ಎತ್ತರದ ಕಟ್ಟಡಗಳು ಸುಂಟರಗಾಳಿಯನ್ನು ಒಡೆದುಬಿಡುತ್ತವೆಂಬ ಇನ್ನೊಂದು ನಂಬಿಕೆಗೆ, 1896ರಲ್ಲಿ ನೆರೆಯೂರೂ ಸೇರಿದಂತೆ 255 ಜನರನ್ನು ಕಳೆದುಕೊಂಡು, 1927ರಲ್ಲಿಯೂ 1959ರಲ್ಲಿಯೂ 2025ರಲ್ಲಿಯೂ ಮತ್ತೆ ಮತ್ತೆ ಪೆಟ್ಟು ತಿಂದ ಸೇಂಟ್ ಲೂಯಿಸ್ ನಗರವೇ ಉತ್ತರ. ಇದು ಅಮೆರಿಕದವರ ಪೀಡೆ ಮಾತ್ರವೆನ್ನುವವರು, ಟೋಕಿಯೋ ಘಟನೆಯಾದ ಮೂರು ವಾರದೊಳಗೆ, 1978ರ ಮಾರ್ಚ್ 17ರಂದು, ನಮ್ಮ ದೆಹಲಿಯ ಉತ್ತರ ಭಾಗದಲ್ಲಿ ಸುಂಟರಗಾಳಿಗೆ 28 ಮಂದಿ ಬಲಿಯಾದುದನ್ನು ಓದಬೇಕು. ಹಾಗೆಯೇ ಮನೆಯ ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗಿ ಪಾರಾಗಬಹುದೆಂಬುದು ಬರಿಯ ಭ್ರಮೆ. ಗಾಳಿ ಒಳನುಗ್ಗಲು ಅದು ದಾರಿಯಷ್ಟೆ. ಮೇಲ್ಸೇತುವೆಯ ಅಡಿ ಆಶ್ರಯವೆಂದು ನಂಬಿದವರಲ್ಲಿ ಮೂವರು 1999ರ ಮೇ 3ರಂದು ಓಕ್ಲಹೋಮದಲ್ಲಿ ಸತ್ತರು.

ಕಣ್ಣಿಗೆ ಕಟ್ಟುವಂತೆ ತೋರಿಸಿದುದನ್ನೆಲ್ಲ ಕಂಡ ಸತ್ಯವೆಂದು ಒಪ್ಪಿಕೊಳ್ಳುವ ಅಭ್ಯಾಸ ಸುಂಟರಗಾಳಿಯ ಮಟ್ಟಿಗೆ ನಿಲ್ಲುವುದಿಲ್ಲ ಎಂಬುದೇ ನನ್ನ ವ್ಯಥೆ. ಒಂದು ಅಂಕಿಯನ್ನು ಕಂಡೊಡನೆ ‘ಇದು ಯಾವುದರ ತೂಕ, ಯಾರು ಅಳೆದರು’ ಎಂದು ಕೇಳುವಷ್ಟು ಶ್ರಮವನ್ನು ಓದಿದವರೇ ವಹಿಸದಿದ್ದರೆ, ಮೂರ್‌ಹೆಡ್ಡಿನ ಬೋಗಿಯಂತೆ ಎಲ್ಲ ದುರಂತಗಳೂ ಬೆಳೆಯುತ್ತಲೇ ಹೋಗುತ್ತವೆ. ಮತ್ತು ಹಾರುವ ರೈಲನ್ನು ನಿರೀಕ್ಷಿಸುತ್ತ ಕುಳಿತವನು ಕಿಟಕಿಯ ಗಾಜಿನಿಂದ ದೂರ ಸರಿಯುವುದನ್ನೇ ಮರೆಯುತ್ತಾನೆ.

ಉರುಳುವ ರೈಲನ್ನು ಗಂಭೀರವಾಗಿ ಪರಿಗಣಿಸಿದವರು ಜಪಾನೀಯರು. 2005ರ ಡಿಸೆಂಬರ್ 25ರಂದು ಯಮಗಾತ ಪ್ರಾಂತದಲ್ಲಿ ಹಠಾತ್ತಾಗಿ ಎದ್ದ ಪ್ರಚಂಡ ಗಾಳಿಗೆ ‘ಇನಾಹೊ’ ಎಕ್ಸ್‌ಪ್ರೆಸ್ ಹಳಿ ತಪ್ಪಿ ಐವರು ಸತ್ತ ತರುವಾಯ, ಅಲ್ಲಿಯ ರೈಲ್ವೆಯವರು ಆ ಮಾರ್ಗದ ಅಮರುಮೆ ನಿಲ್ದಾಣದಲ್ಲಿ ಡಾಪ್ಲರ್ ರಾಡಾರನ್ನು ಸ್ಥಾಪಿಸಿ, ಮೋಡಗಳೊಳಗೆ ಸುಳಿಯುವ ಗಾಳಿಯನ್ನು ವರ್ಷಾನುಗಟ್ಟಲೆ ಅಭ್ಯಸಿಸಿ, ಅಂಥ ಸುಳಿ ಹಳಿಯ ಕಡೆಗೆ ಬರುತ್ತಿದ್ದರೆ ಗಾಡಿಯನ್ನು ಮೊದಲೇ ನಿಲ್ಲಿಸುವ ವ್ಯವಸ್ಥೆಯನ್ನು ರೂಪಿಸಿದರು.